ಕುದುರೆಯ ಮೈಯಲ್ಲಿ ಕಂಡ ಕೈ

ದಬ್ಬಳ ಇಲ್ಲಿಯೂ ಇಳಿಯಲಿಲ್ಲ.

ನಯನಾ ಅದನ್ನು ಸುಟ್ಟ ಮರದ ಕಾಲಿನಿಂದ ಹೊರಗೆಳೆದು, ತುದಿಗೆ ಅಂಟಿದ್ದ ಕರಿಯನ್ನು ಒರೆಸಿಕೊಂಡಳು. ಲೇತ್ ಯಂತ್ರದ ಕಬ್ಬಿಣ ಬಾಗಿತ್ತು, ಮೇಲಿನ ಹಲಗೆ ಬೂದಿಯಾಗಿತ್ತು. ಆದರೆ ಕಾಲುಗಳು ಮೇಲ್ಮೇಲೆ ಮಾತ್ರ ಕರಕಲು. ಒಳಗಿನ ಮರ ಗಟ್ಟಿಯಾಗಿಯೇ ಇತ್ತು.

"ಮೇಡಂ, ಬೆಳಗಿಂದ ಚುಚ್ಚುತಾನೇ ಇದ್ದೀರಿ. ಗೋಣಿಚೀಲ ಹೊಲಿಯೋರೂ ಇಷ್ಟೊತ್ತು ದಬ್ಬಳ ಹಿಡಿಯಾಕಿಲ್ಲ," ಎಂದ ಮುನೇಶ್. ಅಗ್ನಿಶಾಮಕ ದಳದಲ್ಲಿ ಪೈಪು ಹಿಡಿಯುವವನು ಅವನು. ನಿನ್ನೆ ಈ ಬೆಂಕಿಯನ್ನು ಆರಿಸಿದವರಲ್ಲಿ ಒಬ್ಬ. "ಒಸಿ ಟೀ ಕುಡೀರಿ. ತಣ್ಣಗಾಯ್ತಾ ಐತೆ."

"ಬೆಂಕಿ ಎಲ್ಲಿ ಹುಟ್ಟುತ್ತೋ ಅಲ್ಲಿ ಮರ ಹೆಚ್ಚು ಹೊತ್ತು ಬೇಯುತ್ತೆ ಮುನೇಶ್. ಅಲ್ಲಿ ಕರಕಲು ಆಳಕ್ಕೆ ಇಳಿದಿರಬೇಕು. ಇಲ್ಲಿ ಇಳಿದಿಲ್ಲ."

"ಇಲ್ಲೇ ಹುಟ್ಟಿದ್ದು ಅಂತ ಕ್ಯಾಮೆರಾನೇ ಹೇಳೈತಲ್ಲ?"

ಅದೇ ತೊಡಕು. ಚನ್ನಪಟ್ಟಣದ ಈ ಗೊಂಬೆ ಶೆಡ್ಡು ನಿನ್ನೆ, ಬುಧವಾರ ಸಂಜೆ ಹೊತ್ತಿ ಉರಿದಾಗ, ಬೆಂಕಿಯ ಮೂಲ ನಾಲ್ಕನೆಯ ಲೇತ್ ಎಂದು ಗೋಡೆಯ ಕ್ಯಾಮೆರಾ ಹೇಳಿತ್ತು. ನಾಲ್ಕನೆಯ ಲೇತು ಮಜೀದಾಳದು. ಅವಳನ್ನು ಹೊರಗೆಳೆಯಲು ಒಳಗೆ ನುಗ್ಗಿದ ಕಾವಲುಗಾರ ಮುನಿಶಾಮಯ್ಯ ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ.

ತಪ್ಪು ಯಾರದೆಂದು ನಯನಾ ಬರೆದುಕೊಡಬೇಕಿತ್ತು. ಬೆಂಕಿಯ ಕಾರಣ ಹುಡುಕುವುದು ದಳದಲ್ಲಿ ಅವಳ ಕೆಲಸ. ಸಬ್ ಇನ್‌ಸ್ಪೆಕ್ಟರ್ ಮನೋಹರ್ ಬೆಳಿಗ್ಗೆಯೇ ಫೋನು ಮಾಡಿದ್ದ. "ಆಯಮ್ಮನ ಮೇಲೆ ಕೇಸು ಹಾಕೋದಾ ಬಿಡೋದಾ, ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ ಮೇಡಂ. ಮಧ್ಯಾಹ್ನ ನಾನೇ ಬರ್ತೀನಿ."

ತಗಡಿನ ಚಾವಣಿ ಅಲ್ಲಲ್ಲಿ ತೂತಾಗಿತ್ತು. ಅದರೊಳಗಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಬೂದಿಯ ಕಣಗಳು ಆ ಕೋಲುಗಳಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿದ್ದವು, ನೀರಿನಡಿ ಕುಳಿತು ಮೇಲೆ ನೋಡಿದ ಹಾಗೆ. ನೆಲದ ಮೇಲೆ ಅರ್ಧ ಸುಟ್ಟ ಬುಗುರಿ, ಗಿಲಕಿ, ತಲೆಯಿಲ್ಲದ ಒಂದು ಬೊಂಬೆ. ಬೊಂಬೆಯ ಹಳದಿ ಲಂಗಕ್ಕೆ ಮಾತ್ರ ಏನೂ ಆಗಿರಲಿಲ್ಲ.

ನಯನಾ ಎದ್ದು ನಿಧಾನವಾಗಿ ನಡೆದಳು. ಪ್ರತಿಯೊಂದು ಕಂಬದ ಬಳಿ ನಿಂತಳು, ಚುಚ್ಚಿದಳು, ಮುಂದೆ ಹೋದಳು. ಹಿಂಬಾಗಿಲ ಪಕ್ಕದ ಮೂಲೆಗೆ ಬಂದಾಗ ಅವಳ ಕೈ ತಾನಾಗಿ ನಿಂತಿತು.

ಬಾಗಿಲ ಚೌಕಟ್ಟಿಗೆ ಒತ್ತಿದ ದಬ್ಬಳ ಬೆಣ್ಣೆಗೆ ಇಳಿದಂತೆ ಇಳಿದು, ಬುಡದವರೆಗೂ ಹೂತುಹೋಯಿತು.

"ಅಯ್ಯೋ!" ಎಂದ ಮುನೇಶ್. ಟೀ ಲೋಟ ಅವನ ಕೈಯಲ್ಲೇ ವಾಲಿತು.

ಆ ಮೂಲೆಯ ಗೋಡೆಯಲ್ಲಿ ಒಂದು ಗೂಡಿತ್ತು. ಗೂಡಿನೊಳಗೆ ಗಾಜು ಒಡೆದ ಕಬ್ಬಾಳಮ್ಮನ ಪಟ, ಅದರ ಪಕ್ಕದಲ್ಲಿ ದರ್ಗಾದಿಂದ ತಂದ ಹಸಿರು ಬಟ್ಟೆಯ ಸುಟ್ಟ ಅಂಚು, ತೊಳೆದು ಬೋರಲು ಹಾಕಿಟ್ಟ ಹಿತ್ತಾಳೆಯ ಧೂಪದಾನಿ. ಧೂಪದಾನಿಯೊಳಗೆ ಬೂದಿ ಇರಲಿಲ್ಲ. ನಿನ್ನೆ ಅದರಲ್ಲಿ ಯಾರೂ ಕೆಂಡ ಹಾಕಿರಲಿಲ್ಲ.

ಅದರ ಕೆಳಗೆ, ನೆಲದ ಮೇಲೆ, ಕೆಂಪು ಹಳದಿ ಹಸಿರು ಒಂದರೊಳಗೊಂದು ಕರಗಿ ಹೆಪ್ಪುಗಟ್ಟಿತ್ತು. ದೊಡ್ಡ ಹೂವೊಂದು ಕಲ್ಲಾದ ಹಾಗೆ. ನಯನಾ ಉಗುರಿನಿಂದ ಕೆರೆದು ಮೂಸಿ ನೋಡಿದಳು. ಅರಗು. ಗೊಂಬೆಗೆ ಬಣ್ಣ ಹಚ್ಚುವ ಅರಗಿನ ಕಡ್ಡಿಗಳನ್ನು ಯಾರೋ ತಂದು ಇಲ್ಲಿ ರಾಶಿ ಹಾಕಿದ್ದರು. ಅದಕ್ಕೆ ಬೆಂಕಿ ತಾಗಿದರೆ ಎಣ್ಣೆಗೆ ತಾಗಿದಂತೆಯೇ.

ಅವಳು ಟ್ಯಾಬ್ ತೆಗೆದಳು. ಗೋಡೆಯ ಕ್ಯಾಮೆರಾ ಕರಗಿಹೋಗಿದ್ದರೂ, ಅದು ಕಂಡದ್ದೆಲ್ಲ ಕಂಡ ಕ್ಷಣಕ್ಕೇ ಬೇರೆ ಕಡೆ ಹೋಗಿ ಉಳಿದಿತ್ತು.

ಆ ಕ್ಯಾಮೆರಾಕ್ಕೆ ಎರಡು ಕಣ್ಣು. ಒಂದು ನಮ್ಮ ನಿಮ್ಮಂತೆ ಬೆಳಕು ಕಾಣುವ ಕಣ್ಣು. ಇನ್ನೊಂದು ಬಿಸಿಯನ್ನಷ್ಟೇ ಕಾಣುವ ಕಣ್ಣು. ಶೆಡ್ಡಿನ ಮೂಲೆಮೂಲೆಯ ಗುರುತು ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಹೊಗೆಯೋ ಉರಿಯೋ ಕಂಡರೆ ಸೈರನ್ ಕೂಗಿ, ಇಂಥ ಜಾಗದಲ್ಲಿ ಬೆಂಕಿ ಎಂದು ಫೋನಿಗೂ ಅಗ್ನಿಶಾಮಕ ಠಾಣೆಗೂ ಸುದ್ದಿ ಕಳಿಸುತ್ತದೆ.

ಬಿಸಿ ಕಾಣುವ ಕಣ್ಣಿನ ಚಿತ್ರ ನೋಡುವಾಗಲೆಲ್ಲ ನಯನಾಳಿಗೆ ತಾನು ಯಾರದೋ ಕನಸಿನೊಳಗೆ ಕಾಲಿಟ್ಟಂತಾಗುತ್ತಿತ್ತು. ಅಲ್ಲಿ ಗೋಡೆಗಳು ನೀಲಿ, ನೆಲ ನೀಲಿ. ಮನುಷ್ಯರು ಮಾತ್ರ ನಡೆದಾಡುವ ದೀಪಗಳು. ಯಾರೋ ಕೂತು ಎದ್ದುಹೋದ ಮಣೆಯ ಮೇಲೆ ಅವರ ಬೆಚ್ಚಗಿನ ಗುರುತು ಒಂದಿಷ್ಟು ಹೊತ್ತು ಉಳಿದು, ಮಗು ನಿದ್ದೆಗೆ ಜಾರಿದ ಹಾಗೆ ಮೆಲ್ಲಗೆ ಆರಿಹೋಗುತ್ತಿತ್ತು.

ಆದರೆ ಈ ಮೂಲೆಯಲ್ಲಿ ನೀಲಿಯೂ ಇರಲಿಲ್ಲ, ದೀಪವೂ ಇರಲಿಲ್ಲ. ಎರಡೂ ಕಣ್ಣುಗಳ ಚಿತ್ರದಲ್ಲಿ ಅಲ್ಲೊಂದು ಕಪ್ಪು ಚೌಕ.

"ಅಶೋಕ್ ಅವರನ್ನ ಕರೀರಿ," ಎಂದಳು ನಯನಾ.

ಅಶೋಕ್ ಗೊಂಬೆ ಸಂಘದ ಕಾರ್ಯದರ್ಶಿ. ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ನಿನ್ನೆ ತೊಟ್ಟ ಅಂಗಿಯಲ್ಲೇ ಇದ್ದ. ಶೆಡ್ಡಿನ ಕ್ಯಾಮೆರಾ ಮಾತಾಡುತ್ತಿದ್ದದ್ದು ಅವನ ಫೋನಿನ ಜೊತೆಗೆ.

"ಈ ಕಪ್ಪಗಿರೋದು ಏನು ಅಶೋಕ್?"

ಅವನು ಟ್ಯಾಬಿನತ್ತ ನೋಡಿದ, ನೋಡಿಯೂ ನೋಡದ ಹಾಗೆ. "ಓ ಅದಾ ಮೇಡಂ. ಲೆನ್ಸ್ ಮೇಲೆ ಧೂಳು ಕೂತಿರಬೇಕು. ಮರದ ಪುಡಿ ಹಾರಾಡ್ತಾ ಇರ್ತದಲ್ಲ."

"ಧೂಳು ಇಷ್ಟು ನೆಟ್ಟಗೆ ಮೂಲೆ ಕತ್ತರಿಸಿಕೊಂಡು ಕೂರುತ್ತಾ?"

"ಬೋ ಶಿಸ್ತಿನ ಧೂಳು ಕಣಣ್ಣಾ," ಎಂದ ಮುನೇಶ್.

ಅಶೋಕ್ ಅವನನ್ನು ದುರುಗುಟ್ಟಿ ನೋಡಿದ. "ನೀನು ಸುಮ್ಕಿರಲಾ."

ನಯನಾ ದನಿ ಏರಿಸಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ ದಬ್ಬಳವನ್ನು ತೋರಿಸಿದಳು. "ಬೆಂಕಿ ಹುಟ್ಟಿದ್ದು ಇಲ್ಲಿ. ಮಜೀದಕ್ಕನ ಲೇತ್ ಹತ್ರ ಅಲ್ಲ. ಇದು ಕ್ಯಾಮೆರಾಕ್ಕೆ ಕಾಣಲಿಲ್ಲ, ಯಾಕಂದ್ರೆ ಇಲ್ಲಿ ನೋಡಬೇಡ ಅಂತ ಯಾರೋ ಅದಕ್ಕೆ ಹೇಳಿದ್ರು. ಯಾರು?"

ಅಶೋಕ್ ಸುಟ್ಟ ಬೆಂಚಿನ ತುದಿಗೆ ಕುಕ್ಕರಿಸಿದ. ಅವನ ಪ್ಯಾಂಟಿಗೆ ಕರಿ ಹತ್ತಿತು. ಅದು ಅವನಿಗೆ ತಿಳಿಯಲೂ ಇಲ್ಲ.

"ನಾನೇ ಮೇಡಂ."

"ಯಾಕೆ?"

"ಇನ್ನೇನು ಮಾಡ್ಲಿ? ಗುರುವಾರ ಸಾಬರ ಹೆಂಗಸ್ರು ಲೋಬಾನ ಹಾಕ್ತಾರೆ. ಶುಕ್ರವಾರ ನಮ್ಮೋರು ಸಾಂಬ್ರಾಣಿ ಹಾಕ್ತಾರೆ. ಎರಡೂ ಒಂದೇ ಅಂಗಡಿ ಪೊಟ್ಟಣ ಬುಡಿ. ಹೊಗೆ ಕಂಡ ತಕ್ಷಣ ಇದು ಬಾಯಿ ಬಡ್ಕೊಳ್ಳೋದು. ನಿಮ್ಮ ಗಾಡಿ ಗಂಟೆ ಹೊಡ್ಕೊಂಡು ಬಂದ್ಬುಡೋದು. ಬೇಕಾದ್ರೆ ಇವನನ್ನೇ ಕೇಳಿ."

"ಅದು ನಿಜ ಮೇಡಂ," ಎಂದ ಮುನೇಶ್. "ಒಂದ್ಸಲ ನಾನೇ ಪೈಪು ಹಿಡ್ಕೊಂಡು ನುಗ್ಗಿದ್ದೆ. ಒಳಗೆ ಮಜೀದಕ್ಕ ಧೂಪ ಹಿಡ್ಕೊಂಡು ನಿಂತಿದ್ರು. ಬಂದಿದ್ದೀಯ, ತಗೋ ಅಂತ ನನ್ನ ತಲೆ ಸುತ್ತಾನೂ ಒಸಿ ಹೊಗೆ ಆಡ್ಸಿ ಕಳಿಸಿದ್ರು."

ನಯನಾಳ ತುಟಿಯಂಚಿಗೆ ಬಂದ ನಗು ಅಲ್ಲೇ ನಿಂತಿತು. "ಧೂಪದಾನಿಗೆ ಅಂಗೈಯಗಲದ ಚೌಕ ಸಾಕು. ಇದು ಹಿಂಬಾಗಿಲವರೆಗೂ ಇದೆ."

ಹೊರಗೆ ಬೀದಿಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು. ಆ ಕೂಗು ದೂರವಾಗುವತನಕ ಅಶೋಕ್ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಹೆಂಗಸ್ರು ಕೇಳ್ಕೊಂಡ್ರು ಮೇಡಂ," ಎಂದ ಕೊನೆಗೆ. "ಊಟ ಮಾಡಿದ್ರೂ ಆ ಕಣ್ಣು ನೋಡ್ತದೆ, ಕಾಲು ಚಾಚಿದ್ರೂ ನೋಡ್ತದೆ. ಅದು ನೋಡಿದ್ದು ನನ್ನ ಫೋನಿಗೆ ಬರ್ತದೆ. ಮಗೂಗೆ ಹಾಲು ಕುಡ್ಸೋರು ಎಲ್ಲಿಗೆ ಹೋಗ್ಬೇಕು? ಒಂದು ಮೂಲೆ ನಮಗೆ ಅಂತ ಬುಟ್ಟುಕೊಡಿ ಸಾರ್ ಅಂದ್ರು. ಧೂಪದ ಚೌಕ ಇದ್ದೇ ಇತ್ತು. ಅದನ್ನೇ ಎಳೆದು ದೊಡ್ಡದು ಮಾಡ್ದೆ. ಆಮೇಲೆ ಅಲ್ಲೇ ಊಟ, ಅಲ್ಲೇ ಹರಟೆ. ಯಾರಿಗಾದ್ರೂ ಅಳು ಬಂದ್ರೂ ಅಲ್ಲೇ ಹೋಗಿ ಕೂರೋರು."

ನಯನಾ ಆ ಮೂಲೆಯನ್ನು ಮತ್ತೆ ನೋಡಿದಳು. ಕರಿ ಗೋಡೆ, ಕರಗಿದ ಬಣ್ಣ. ಇಲ್ಲಿ ಯಾವಳೋ ಸೆರಗು ಮರೆಮಾಡಿ ಮಗುವನ್ನು ತಟ್ಟಿದ್ದಳು. ಯಾವಳೋ ಗೋಡೆಗೆ ಹಣೆಯಿಟ್ಟು ಬಿಕ್ಕಿದ್ದಳು. ಇಡೀ ಶೆಡ್ಡಿನಲ್ಲಿ ಅವರದು ಅನ್ನುವ ಜಾಗ ಇದೊಂದೇ.

"ಕೊಟ್ಟಿದ್ದು ತಪ್ಪಲ್ಲ," ಎಂದಳು. "ಧೂಪದಾನಿ ಗೋಡೆಯಾಚೆ ಇಟ್ಟಿದ್ರೆ, ಇವರಿಗೆ ಒಂದು ತಡಿಕೆ ಕಟ್ಟಿಕೊಟ್ಟಿದ್ರೆ ಇದು ಬೇಕೇ ಇರಲಿಲ್ಲ, ಅದು ಬೇರೆ ಮಾತು. ಆದರೆ ನಿನ್ನೆಯಿಂದ ನೀವು ಬಾಯಿ ಮುಚ್ಚಿಕೊಂಡು ಕೂತಿದ್ದೀರಲ್ಲ? ಆಯಮ್ಮನ ಮೇಲೆ ಕೇಸು ಬೀಳುತ್ತೆ ಅಂತ ಗೊತ್ತಿದ್ದೂ?"

"ಕ್ಯಾಮೆರಾನೇ ನಾಲ್ಕನೇ ಲೇತ್ ಅಂದ್ಮೇಲೆ ನಾನೇನು ಹೇಳ್ಲಿ?"

"ಕ್ಯಾಮೆರಾ ಸುಳ್ಳು ಹೇಳಲಿಲ್ಲ ಅಶೋಕ್. ಬೆಂಕಿ ನಿಮ್ಮ ಚೌಕದೊಳಗೆ ಬೆಳೀತು. ಅಲ್ಲಿಂದ ಹೊರಗೆ ಕಾಲಿಟ್ಟಾಗ ಸಿಕ್ಕಿದ ಮೊದಲ ವಸ್ತು ಆ ಲೇತು. ಅದು ತನಗೆ ಮೊದಲು ಕಂಡ ಜಾಗ ಹೇಳಿತು. ಕಾಣದ ಜಾಗ ನೀವು ಹೇಳಬೇಕಿತ್ತು."

ಅವನ ಕಣ್ಣು ತುಂಬಿ ಬಂತು. "ಮುನಿಶಾಮಣ್ಣ ಸತ್ತೋದ್ರೆ ಎಲ್ಲಾ ನನ್ನ ಮೇಲೇ ಬರ್ತದೆ ಅಂತ ಹೆದರ್ಕೊಂಡೆ ಮೇಡಂ."

"ಅದಕ್ಕೇ ಮಜೀದಕ್ಕನ ಮೇಲೆ ಹಾಕಿದ್ರಿ."

ಅಶೋಕ್ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ನಿನ್ನೆ ಬುಧವಾರ," ಎಂದಳು ನಯನಾ, ತನಗೇ ಹೇಳಿಕೊಂಡಂತೆ. "ಧೂಪ ಹಾಕೋ ದಿನವೇ ಅಲ್ಲ. ಹಿಂಬಾಗಿಲಿಂದ ಬಂದು, ಅರಗು ಸೇರಿಸಿ, ಕಡ್ಡಿ ಗೀರಿ, ಹಿಂಬಾಗಿಲಿಂದಲೇ ಹೋಗಿದ್ದಾರೆ. ಒಂದು ಹೆಜ್ಜೆಯೂ ಚೌಕದಿಂದ ಹೊರಗೆ ಬಿದ್ದಿಲ್ಲ. ಈ ಮೂಲೆ ಕಾಣಲ್ಲ ಅಂತ ಯಾರ್ಯಾರಿಗೆ ಗೊತ್ತಿತ್ತು?"

"ಶೆಡ್ಡಿನ ಹೆಂಗಸ್ರಿಗೆಲ್ಲ ಗೊತ್ತು. ಅವ್ರು ಮನೇಲಿ ಹೇಳದೆ ಇರ್ತಾರಾ?"

ಅಂದರೆ ಅರ್ಧ ಚನ್ನಪಟ್ಟಣ.

ಮಜೀದಾ ಹೊರಗೆ ಹುಣಸೆ ಮರದ ನೆರಳಲ್ಲಿ ಕೂತಿದ್ದಳು. ಮೊಣಕೈಗೆ ಬಟ್ಟೆ ಸುತ್ತಿತ್ತು. ತಲೆಯ ಮೇಲಿನ ಸೆರಗಿಗೆ ಕಿಡಿ ಹಾರಿ ಸಣ್ಣ ಸಣ್ಣ ತೂತು ಬಿದ್ದಿದ್ದವು. ಆಸ್ಪತ್ರೆಗೆ ಹೋಗಲು ಇವಳನ್ನು ಪೊಲೀಸರು ಬಿಡರು, ಮನೆಗೆ ಹೋಗಲು ಇವಳಿಗೇ ಮನಸ್ಸಿಲ್ಲ. ಬೆಳಗಿನಿಂದ ಅಲ್ಲೇ ಇದ್ದಳು.

"ಮುನಿಶಾಮಣ್ಣ ಕಣ್ಣು ಬಿಟ್ರಾ ಮೇಡಂ?"

"ಇನ್ನೂ ಇಲ್ಲ ಅಕ್ಕ. ಉಸಿರು ಚೆನ್ನಾಗಿದೆಯಂತೆ."

ಮಜೀದಾ ಎರಡೂ ಅಂಗೈ ಮೇಲೆ ಮಾಡಿ, ತುಟಿಯಲ್ಲೇ ಏನೋ ಹೇಳಿಕೊಂಡು ಮುಖ ಸವರಿಕೊಂಡಳು. ನಯನಾ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ತನ್ನ ಟೀ ಲೋಟವನ್ನು ಅವಳ ಕೈಗೆ ಕೊಟ್ಟಳು.

"ಬೆಂಕಿ ನಿಮ್ಮ ಲೇತಲ್ಲಿ ಹುಟ್ಟಿದ್ದಲ್ಲ. ಅಷ್ಟು ಗೊತ್ತಾಯ್ತು. ಆದರೆ ಹಚ್ಚಿದವರು ಯಾರು ಅಂತ ಗೊತ್ತಾಗದೆ ಇದ್ರೆ, ನೀವೇ ಆ ಮೂಲೆಗೆ ಹೋಗಿ ಹಚ್ಚಿದ್ರಿ ಅಂತಾರೆ. ಒಳಗಿದ್ದವರು ನೀವೊಬ್ಬರೇ."

"ಅಲ್ಲಾನ ಆಣೆ ಮೇಡಂ, ನಂಗೇನೂ ಗೊತ್ತಿಲ್ಲ. ಎಲ್ಲಾರೂ ಮನೆಗೆ ಹೋಗಿದ್ರು. ನಾನು ಲೇತ್ ಓಡಿಸ್ತಾ ಇದ್ದೆ. ಆ ಸದ್ದಲ್ಲಿ ಹಿಂದೆ ಆನೆ ಬಂದ್ರೂ ಕೇಳಾಕಿಲ್ಲ. ಬೆನ್ನು ಸುಡ್ತು, ತಿರುಗಿ ನೋಡಿದ್ರೆ ಬೆಂಕಿ."

ನಯನಾ ಟ್ಯಾಬನ್ನು ಇಬ್ಬರ ನಡುವೆ ಹಿಡಿದು, ಬೆಳಕು ಕಾಣುವ ಕಣ್ಣಿನ ಚಿತ್ರ ಹಾಕಿದಳು. ಸಂಜೆಯ ಶೆಡ್ಡು. ಕಿಟಕಿಯಲ್ಲಿ ಕೊನೆಯ ಬಿಸಿಲು. ಲೇತಿನ ಮುಂದೆ ಬೆನ್ನು ಹಾಕಿ ಕುಳಿತ ಮಜೀದಾ, ಅವಳ ಸುತ್ತ ಹೂವಿನ ಎಸಳಿನ ಹಾಗೆ ಹಾರುವ ಮರದ ಹೊಪ್ಪಳಿಕೆ. ಎಡಗಡೆ ಕಪ್ಪು ಚೌಕ. ಚೌಕದ ಅಂಚಿಗೆ, ಒಂದು ದೊಡ್ಡ ಕೆಂಪು ಮರದ ಕುದುರೆ. ಮಕ್ಕಳು ಕೂತು ತೂಗುವಂಥದು.

"ನನ್ನ ಕುದುರೆ," ಎಂದಳು ಮಜೀದಾ. ಅವಳ ದನಿ ಮೊದಲ ಸಲ ಮೆತ್ತಗಾಯಿತು. "ಗೊಂಬೆ ಮಾಡೋ ಆಲೆ ಮರ, ಪೀಪಾಯಿಯಷ್ಟು ದಪ್ಪದ್ದು, ಎಲ್ಲಿ ಸಿಗ್ತದೆ ಈಗ? ಅರಗು ಹಾಕಿ, ಕೇದಗೆ ಗರಿ ಒತ್ತಿ ಒತ್ತಿ ಉಜ್ಜಿದ್ದೆ. ಹೊಳಪು ಅಂದ್ರೆ ಹೊಳಪು. ಮಧ್ಯಾಹ್ನ ಊಟ ಆದ್ಮೇಲೆ ಎಲ್ಲಾರೂ ಅದ್ರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೋತಿದ್ವಿ."

ನಯನಾ ಅವಳತ್ತ ತಿರುಗಿದಳು. "ಏನಂದ್ರಿ?"

"ತಲೆ ಬಾಚ್ಕೋತಿದ್ವಿ ಅಂದೆ."

"ಅದರ ಮೈಯಲ್ಲಿ ಮುಖ ಕಾಣ್ತಿತ್ತಾ?"

"ಕನ್ನಡಿ ಹಂಗೆ!"

ಕುದುರೆ ಇದ್ದದ್ದು ಚೌಕದ ಹೊರಗೆ. ಅದರ ಹೊಳೆವ ಹೊಟ್ಟೆ ತಿರುಗಿದ್ದದ್ದು ಚೌಕದ ಕಡೆಗೆ, ಒಂದಿಷ್ಟು ಕ್ಯಾಮೆರಾದ ಕಡೆಗೆ. ಕ್ಯಾಮೆರಾಕ್ಕೆ ನೋಡಬೇಡ ಅಂದದ್ದನ್ನು ಕುದುರೆಗೆ ಯಾರೂ ಹೇಳಿರಲಿಲ್ಲ.

ನಯನಾ ಚಿತ್ರವನ್ನು ಸೈರನ್ನಿಗೂ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದಳು. ಎರಡು ಬೆರಳಿನಿಂದ ಕುದುರೆಯ ಹೊಟ್ಟೆಯನ್ನು ಹಿಗ್ಗಿಸಿದಳು. ತೆರೆಯ ತುಂಬ ಕೆಂಪು. ಸಂಜೆಯ ಕೆರೆಯ ನೀರಿನಂಥ ಕೆಂಪು. ಒಂದೊಂದೇ ಚಿತ್ರವನ್ನು ಮುಂದಕ್ಕೆ ಬಿಟ್ಟಳು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಆ ಕೆಂಪಿನ ಆಳದಲ್ಲಿ ಬಾಗಿಲೊಂದು ಬಿಲ್ಲಿನಂತೆ ಬಾಗಿ ತೆರೆಯಿತು. ನೆರಳೊಂದು ಉದ್ದವಾಗಿ ಹರಿದು ಬಂದು ಕುಗ್ಗಿ ಕುಳಿತಿತು.

ಮಜೀದಾ ಟ್ಯಾಬಿನತ್ತ ಬಾಗಿದಳು.

ಕಡ್ಡಿ ಹೊತ್ತಿತು. ಅಷ್ಟು ಸಣ್ಣ ಬೆಳಕು, ಮಿಂಚುಹುಳದಷ್ಟು. ಮುಖ ಕಾಣಲಿಲ್ಲ. ಕಡ್ಡಿ ಹಿಡಿದ ಕೈ ಮಾತ್ರ ಕಂಡಿತು. ಹೆಂಗಸಿನ ಕೈ. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ, ಅವುಗಳ ನಡುವೆ ಒಂದೇ ಒಂದು ಕೆಂಪು ಬಳೆ.

"ಲೇತ್ ಕೆಲಸದವರಲ್ಲ ಇವರು," ಎಂದಳು ನಯನಾ. "ನೀವ್ಯಾರೂ ಬಳೆ ತೊಟ್ಟು ಯಂತ್ರದ ಮುಂದೆ ಕೂರಲ್ಲ. ಇಲ್ಲಿ ನೋಡಿ ಅಕ್ಕ, ಅದೇ ಚಿತ್ರದಲ್ಲಿ ಈ ಕಡೆ ನೀವಿದ್ದೀರಿ. ಕಡ್ಡಿ ಹೊತ್ತಿದಾಗ ನಿಮ್ಮ ಎರಡೂ ಕೈ ಲೇತಿನ ಮೇಲಿದೆ. ಇದೊಂದು ಸಾಕು. ಇನ್ನು ನಿಮ್ಮನ್ನ ಯಾರೂ ಮುಟ್ಟೋ ಹಾಗಿಲ್ಲ!"

ಮಜೀದಾ ನಗಲಿಲ್ಲ. ಅಳಲೂ ಇಲ್ಲ. ಆ ಬಳೆಗಳನ್ನೇ ನೋಡುತ್ತಿದ್ದಳು. ಟೀ ಲೋಟ ಅವಳ ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

"ಅಕ್ಕ? ಯಾರ ಕೈ ಅದು? ಗೊತ್ತಾಯ್ತಾ?"

ಗೇಟಿನ ಬಳಿ ಪೊಲೀಸ್ ಜೀಪು ಬಂದು ನಿಂತಿತು. ಮನೋಹರ್ ಇಳಿದು, ಟೋಪಿ ಸರಿಪಡಿಸಿಕೊಂಡು ಇತ್ತ ನಡೆದುಬರತೊಡಗಿದ.

"ಅದನ್ನ ಅವ್ರಿಗೆ ತೋರಿಸ್ಬೇಡಿ ಮೇಡಂ," ಎಂದಳು ಮಜೀದಾ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

"ಏನು ಹೇಳ್ತಿದ್ದೀರಿ? ಇದು ಬಿಟ್ರೆ ನಿಮ್ಮನ್ನ ಉಳಿಸೋದಕ್ಕೆ ಬೇರೇನೂ ಇಲ್ಲ. ನಿಮ್ಮನ್ನ ಒಳಗಿಟ್ಟು ಸುಡೋಕೆ ಬಂದ ಕೈ ಅದು!"

"ಅವ್ರಿಗೆ ನಾನು ಒಳಗಿರೋದು ಗೊತ್ತಿರಲಿಲ್ಲ."

"ಲೇತ್ ಸದ್ದು ಅಷ್ಟಿತ್ತು ಅಂತ ನೀವೇ ಹೇಳಿದ್ರಿ. ಗೊತ್ತಿರಲಿಲ್ಲ ಅಂದ್ರೆ ಹೇಗೆ?"

ಮಜೀದಾಳ ಮುಖದ ಮೇಲೆ ಏನೋ ಮುರಿದಂತಾಯಿತು. ಒಂದು ಗಳಿಗೆ ಮಾತ್ರ. ಮರುಗಳಿಗೆ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ನಮ್ಮಮ್ಮ ಸತ್ತಾಗ ನಂಗೆ ತುತ್ತು ಮಾಡಿ ತಿನ್ನಿಸಿದ ಕೈ ಅದು," ಎಂದಳು. "ಅದ್ರ ಮೇಲೆ ನಾನು ಬೇಡಿ ಬೀಳೋಕೆ ಬುಡಾಕಿಲ್ಲ."

ನಯನಾ ಅವಳ ಸೆರಗಿಗೆ ಕೈ ಚಾಚಿದಳು. ಸುಟ್ಟ ಬಟ್ಟೆ ಬೆರಳಿಗೆ ಸಿಕ್ಕಿ ಹರಿಯಿತು. ಮಜೀದಾ ಆಗಲೇ ಬಿಸಿಲಿಗೆ ಇಳಿದಿದ್ದಳು, ಮದುವೆ ಮನೆಗೆ ಹೊರಟವಳಷ್ಟು ನೆಟ್ಟಗೆ.

"ಏನ್ ಮೇಡಂ, ರಿಪೋರ್ಟ್ ಆಯ್ತಾ?" ಎಂದು ದೂರದಿಂದಲೇ ಕೂಗಿದ ಮನೋಹರ್.

ಉತ್ತರ ಕೊಟ್ಟವಳು ಮಜೀದಾ.

"ರಿಪೋರ್ಟ್ ಯಾಕೆ ಸಾರ್? ಬೆಂಕಿ ಹಚ್ಚಿದ್ದು ನಾನೇ. ಬೇಕು ಅಂತಾನೇ ಹಚ್ಚಿದ್ದು. ನಡೀರಿ, ಹೋಗಣ."

ಶೆಡ್ಡಿನ ಬಾಗಿಲಲ್ಲಿ ಅಶೋಕ್ ಕಲ್ಲಾಗಿ ನಿಂತ. ಮುನೇಶ್ ಬಾಯಿ ತೆರೆದವನು ಮುಚ್ಚಲಿಲ್ಲ. ಮನೋಹರ್ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನಯನಾಳನ್ನು ನೋಡಿದ.

ಅಷ್ಟರಲ್ಲಿ ನಯನಾಳ ಫೋನು ಗುನುಗಿತು. ಆಸ್ಪತ್ರೆಯಿಂದ. ಅತ್ತ ಕಡೆಯ ನರ್ಸಿನ ದನಿಯಲ್ಲಿ ಗಾಬರಿಯಿತ್ತು.

"ಮೇಡಂ, ತಿಳಿಸಿ ಅಂದಿದ್ರಲ್ಲ, ಮುನಿಶಾಮಯ್ಯ ಕಣ್ಣು ಬಿಟ್ರು. ಆದರೆ ಅವರನ್ನ ನೋಡ್ಕೊಳ್ಳೋಕೆ ಬಂದಿರೋ ಹೆಂಡತಿ ಹತ್ರ ಹೋದ್ರೆ ಸಾಕು, ಅವರ ಹಸಿರು ಬಳೆ ಕೈ ನೋಡಿ ಬೇಡ ಬೇಡ ಅಂತ ಗೋಡೆ ಕಡೆ ಸರೀತಾ ಇದ್ದಾರೆ. ಆಯಮ್ಮ ಮಾತ್ರ ಎದ್ದು ಹೋಗ್ತಾನೇ ಇಲ್ಲ. ನನ್ನ ಕೈಯಿಂದಲೇ ನೀರು ಕುಡಿಸ್ತೀನಿ ಅಂತ ಹಟ ಹಿಡಿದು ಕೂತಿದ್ದಾರೆ. ಬಿಡೋದಾ ಮೇಡಂ?"